ಷೋಡನ್, ದ್ವಿದನ್ ಮತ್ತು ಕೊಡೇರಿಯ ಕುನ್ನಿ

ಶಿವರಾತ್ರಿ ಕಳೆದು ಒಂದು ವಾರವಾಗಿರಬೇಕು. ಕಿರಿಮಂಜೇಶ್ವರದಲ್ಲಿ ಹೆದ್ದಾರಿ ಬದಿಯ ಔಷಧದ ಅಂಗಡಿಯೊಂದರ ಮುಂದೆ ಅಂಕಣಕಾರ ತನ್ನ ಸರದಿಗೆ ಕಾಯುತ್ತಿದ್ದ. ಮುಂದೆ ನಿಂತಿದ್ದ ಹುಡುಗಿಯ ಎರಡೂ ಕೈಗಳಲ್ಲಿ, ಮಣಿಕಟ್ಟಿನಿಂದ ಮೊಣಕೈವರೆಗೆ, ಸೂಜಿಯಿಂದ ಗೀರಿದಂಥ ಕೆಂಪು ಗೆರೆಗಳು. ಅವಳು ಕೇಳಿದ್ದು ಇಷ್ಟು: "ಕುನ್ನಿಗೆ ಹಲ್ಲ್ ಬತ್ತಾ ಇತ್ತ್ ಕಾಣಿ, ಒಸಡಿಗೆ ಹಚ್ಚುಕೆ ಎಂತಾರೂ ಇತ್ತಾ? ಒಂದೂವರೆ ತಿಂಗ್ಳ್ ಆಯ್ತ್ ಅದಕ್ಕೆ. ಕೈಯೆಲ್ಲ ಕಚ್ಚಿ ಹಾಕತ್ತ್." ಅಂಗಡಿಯವರು ಮಕ್ಕಳ ಒಸಡಿಗೆ ಹಚ್ಚುವ ಮುಲಾಮಿನ ಟ್ಯೂಬ್ ಒಂದನ್ನು ತೆಗೆದರು, ಒಂದು ಗಳಿಗೆ ಯೋಚಿಸಿದರು, ಮತ್ತೆ ಒಳಗಿಟ್ಟರು. ಬೆಂಚಿನಲ್ಲಿ ಕೂತಿದ್ದ ಮುದುಕಿಯೊಬ್ಬರು ಮಾತು ಸೇರಿಸಿದರು: "ಹಲ್ಲ್ ಬಪ್ಪತಿಗೆ ಕಚ್ಚದೆ ಮತ್ತೆಂತ ಮಾಡತ್ತ್ ಮಗಾ? ಎಂತಾರೂ ಜಗಿಯುಕೆ ಕೊಡ್."

ಅಂಕಣಕಾರನ ಕಿವಿಗೆ ಬಿದ್ದು ಅಲ್ಲೇ ನಿಂತದ್ದು ಮೂರು ಮಾತು: ಕುನ್ನಿ, ಹಲ್ಲ್, ಬಪ್ಪತಿಗೆ. ಹಳಗನ್ನಡದ 'ಬರ್ಪ', 'ಪೋಪ' ಎಂಬ ರೂಪಗಳು ಕುಂದಾಪ್ರ ಕನ್ನಡದಲ್ಲಿ 'ಬಪ್ಪ', 'ಹೋಪ' ಆಗಿ ಇವತ್ತಿಗೂ ಉಸಿರಾಡುತ್ತಿರುವ ಬಗ್ಗೆ ಇಲ್ಲಿ ಹಿಂದೊಮ್ಮೆ ಬರೆದದ್ದು ಓದುಗರಿಗೆ ನೆನಪಿದ್ದೀತು. ಆ ಬರಹಕ್ಕೆ ಸಿಗದಿದ್ದ ಉದಾಹರಣೆ ಬೆಂಚಿನ ಮೇಲೆ ತಾನಾಗಿ ಬಂದು ಕೂತಿತ್ತು. ಅವನು ಮನೆಗೆ ಬಂದವನೇ ಪುಸ್ತಕದ ಕಪಾಟಿಗೆ ಕೈಹಾಕಿದ.

ಮೊದಲು ಕುನ್ನಿಯ ಮಾತು. ನಾಯಿಯ ಮರಿಗೆ ಕರಾವಳಿ, ಮಲೆನಾಡುಗಳಲ್ಲಿ ಇಷ್ಟು ಹಳೆಯ, ಇಷ್ಟು ಪುಟ್ಟ, ಇಷ್ಟು ಒದ್ದೆ ಮೂಗಿನಂಥ ಒಂದು ಮಾತಿರುವಾಗ ಪತ್ರಿಕೆಗಳು 'ಶ್ವಾನ ಮರಿ' ಎಂದು ಯಾಕೆ ಬರೆಯುತ್ತವೆ? ಬೀದಿಯಲ್ಲಿ ಬೊಗಳುವುದು ನಾಯಿ, ಅಚ್ಚಿಗೆ ಹೋದೊಡನೆ ಅದು ಶ್ವಾನ. ಪೇಟೆಯ ಮನೆಗಳಲ್ಲಿ ಅದು ಪಪ್ಪಿ. ಕುನ್ನಿ ಎಂಬುದು ಬೈಗುಳವಾಗಿ ಕುಮಾರವ್ಯಾಸನ ವೀರರ ಬಾಯಲ್ಲೂ ಬರುತ್ತದೆ, ಅದಕ್ಕೇ ಹಿಂಜರಿಕೆ ಎನ್ನುವವರಿದ್ದಾರೆ. ಹಾಗೆ ನೋಡಿದರೆ ಕತ್ತೆ, ಕೋಣ, ಹಂದಿ ಯಾವುದನ್ನೂ ಬರೆಯುವಂತಿಲ್ಲ.

ಆತಕೂರಿನ ಶಾಸನ ಕೆತ್ತಿಸಿದವರಿಗೆ ಈ ಹಿಂಜರಿಕೆ ಇರಲಿಲ್ಲ. ಅದು ಶಕ 872ರದು, ಎಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗನ ಕಡೆಯ ವೀರ ಮಣಲೆರ. ಅವನ ಪರಾಕ್ರಮ ಮೆಚ್ಚಿ ರಾಷ್ಟ್ರಕೂಟ ಮೂರನೆಯ ಕೃಷ್ಣ ಏನು ಬೇಕೋ ಕೇಳು ಎಂದಾಗ ಅವನು ಊರು, ಉಂಬಳಿ ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಕೆಳಲೆನಾಡಿನ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಒಟ್ಟಿಗೇ ಸತ್ತವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅರಸನೊಬ್ಬ ಮೆಚ್ಚಿ ಕೊಟ್ಟ, ಗುಡಿಯ ಮುಂದೆ ಪೂಜೆಗೊಂಡ ಆ ಪ್ರಾಣಿಗೆ ಶಾಸನದಲ್ಲಿರುವ ಮಾತು 'ನಾಯ್'. ಅದು ಕಚ್ಚಿದ್ದು 'ಪಂದಿ'ಯನ್ನು.

ಪಂದಿ ಹಂದಿಯಾದ ದಾರಿಯಲ್ಲೇ 'ಪಲ್' ಹಲ್ಲಾಯಿತು, 'ಪಾಲ್' ಹಾಲಾಯಿತು. ಹಾಗಾಗಿ 'ಹಾಲುಹಲ್ಲು' ಎಂಬ ಜೋಡಿಮಾತಿನಲ್ಲಿ ಪಕಾರ ಹಕಾರವಾದ ಗುರುತು ಒಂದಲ್ಲ, ಎರಡು. ತಮಿಳರಿಗೆ ಅದು ಇಂದಿಗೂ ಪಾಲ್, ಪಲ್. ನಮ್ಮಿಂದ ಸ್ವಲ್ಪ ತೆಂಕಣಕ್ಕೆ, ತುಳು ಆಡುವ ಮನೆಗಳಲ್ಲಿ, ಹಾಲು 'ಪೇರ್', ಹಲ್ಲು 'ಕೂಲಿ'. ಹಾಲಿನ ಕಾಲದಲ್ಲಿ ಬಂದು ಉದುರಿಹೋಗುವ ಹಲ್ಲಿಗೆ ಕನ್ನಡ ಮತ್ತು ತಮಿಳು ಕೊಟ್ಟ ಹೆಸರು ಎರಡು ಕಡೆಯೂ ಹೀಗೆ ಒಂದೇ ಒಡಲಿನದು.

ನಾಯಿ, ಹಲ್ಲು ಎಂಬ ಇದೇ ಎರಡು ಮಾತುಗಳ ಬೆನ್ನುಹತ್ತಿ ಅಂಕಣಕಾರ ಇಲ್ಲಿಂದ ಸಂಸ್ಕೃತ ವ್ಯಾಕರಣದ ಪಾಣಿನಿಯ ಬಳಿಗೆ ಹೋದ. ನಾಯಿಯನ್ನೂ ಯುವಕನನ್ನೂ ದೇವೇಂದ್ರನನ್ನೂ ಅಷ್ಟಾಧ್ಯಾಯಿ ಒಂದೇ ಸೂತ್ರದಲ್ಲಿ, 6.4.133ರಲ್ಲಿ, ಕಟ್ಟಿಹಾಕಿದ ಸಂಗತಿ ಸಂಸ್ಕೃತ ಓದಿದವರಿಗೆಲ್ಲ ಗೊತ್ತು. ಶ್ವನ್, ಯುವನ್, ಮಘವನ್ ಎಂಬ ಮೂರು ಮಾತುಗಳೂ ಕೆಲವು ವಿಭಕ್ತಿಗಳ ಮುಂದೆ ಒಂದೇ ಬಗೆಯಲ್ಲಿ ಕುಗ್ಗುತ್ತವೆ. ವ್ಯಾಕರಣಕ್ಕೆ ಬೇಕಾದದ್ದು ಅಷ್ಟೇ, ಅದಕ್ಕೆ ಜಾತಿಭೇದವಿಲ್ಲ. ಇದಕ್ಕಿಂತ ಸೊಗಸಾದ ಇನ್ನೊಂದು ಸಂಗತಿ ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ದಂತ ಎಂಬ ಮಾತಿನ ಹಿಂದೆ ನಾಯಿ ಬಂದರೆ 'ಶ್ವದಂತ' ಎನ್ನುವಂತಿಲ್ಲ, ಮೊದಲ ಅಕ್ಷರವನ್ನು ಎಳೆದು 'ಶ್ವಾದಂತ' ಎನ್ನಬೇಕು. ಇದಕ್ಕೆಂದೇ ಒಂದು ವಾರ್ತಿಕ, ಎಂದರೆ ಸೂತ್ರಕ್ಕೆ ಸೇರಿಸಿದ ಪೂರಕ ನಿಯಮ, ಇದೆ. ನಾಯಿಯ ಹಲ್ಲು, ಕೋರೆ, ಕಿವಿ, ಬಾಲ ಇವೆಲ್ಲ ಅದರ ಪಟ್ಟಿಯಲ್ಲಿವೆ. ನಾಯಿಯನ್ನು ಹತ್ತಿರದಿಂದ ಕಂಡ ಜನರ ಬಾಯಲ್ಲಿ ಮಾತು ಹೇಗೆ ಓಡುತ್ತಿತ್ತೋ ಅದನ್ನು ಕೇಳಿಯೇ ವ್ಯಾಕರಣಕಾರರು ಬರೆದಿದ್ದಾರೆ. ಗದ್ದೆ ಬದುವಿನಲ್ಲಿ ಕಾಲಿಗೆ ಚುಚ್ಚುವ ನೆಗ್ಗಿನಮುಳ್ಳಿಗೆ ಆಯುರ್ವೇದದಲ್ಲಿ, ಅಕ್ಷರ ಎಳೆಯದೆಯೇ, ಶ್ವದಂಷ್ಟ್ರಾ, ನಾಯಿಕೋರೆ, ಎಂಬ ಹೆಸರಿರುವುದನ್ನೂ ಇದರ ಜೊತೆಗೆ ನೆನೆಯಬಹುದು. ಅಂಗಡಿಯಲ್ಲಿ ಕಂಡ ಆ ಹುಡುಗಿಯ ಕೈಯ ಗೆರೆಗಳು ನೆಗ್ಗಿಲಿನ ಗೀರುಗಳಂತೆಯೇ ಇದ್ದವು.

ಅಂಕಣಕಾರನನ್ನು ನಿಜಕ್ಕೂ ಕಟ್ಟಿ ನಿಲ್ಲಿಸಿದ್ದು ಬೇರೊಂದು ಸೂತ್ರ, 5.4.141. ಸಂಖ್ಯೆಯ ಮುಂದೆ ದಂತ ಎಂಬ ಮಾತು ಸೇರಿದಾಗ ಆ ಜೋಡಿಮಾತು ವಯಸ್ಸನ್ನು ಹೇಳುವುದಾದರೆ ಮಾತ್ರ ದಂತ ಎಂಬುದು 'ದತ್' ಆಗುತ್ತದೆ. ಎರಡು ಹಲ್ಲು ಮೂಡಿದ ಕೂಸು ದ್ವಿದನ್. ಎರಡು ದಂತದ ಆನೆ ಮಾತ್ರ ದ್ವಿದಂತ, ಯಾಕೆಂದರೆ ಅಲ್ಲಿ ಎರಡು ಎಂಬುದು ವಯಸ್ಸಲ್ಲ, ಲೆಕ್ಕ. ಆರು ಹಲ್ಲಾದ ಎಳೆಯ ಎತ್ತು ಷೋಡನ್. ಷಟ್ ಮತ್ತು ದಶ ಸೇರಿ ಷೋಡಶವಾಗುವ ವಾರ್ತಿಕವೇ ಇಲ್ಲೂ ಕೆಲಸ ಮಾಡಿದೆ. ನಾವು ಷೋಡಶೋಪಚಾರ ಎನ್ನುವಾಗಲೆಲ್ಲ ಆ ವಾರ್ತಿಕದ ನೆರಳಲ್ಲಿ ಆರು ಹಲ್ಲಿನ ಒಂದು ಹೋರಿ ನಿಂತಿರುತ್ತದೆ.

ನಮ್ಮ ಜಾನುವಾರು ಜಾತ್ರೆಗಳಲ್ಲಿ ದಲ್ಲಾಳಿಗಳು ಮಾಡುವುದೂ ಇದನ್ನೇ ಅಲ್ಲವೇ? ಹೋರಿಯ ಕೆಳತುಟಿ ಬಿಡಿಸಿ ನೋಡಿ 'ಎರಡು ಹಲ್ಲು', 'ನಾಲ್ಕು ಹಲ್ಲು', 'ಆರು ಹಲ್ಲು' ಎನ್ನುತ್ತಾರೆ. ಎಂಟೂ ಬಂದರೆ 'ಬಾಯಿಗೂಡಿದೆ'. ಯಾರೂ ವರ್ಷ ಹೇಳುವುದಿಲ್ಲ, ಕೇಳುವುದೂ ಇಲ್ಲ. ಹೆಚ್ಚುಕಡಿಮೆ ಎರಡು ವರ್ಷಕ್ಕೆ ಮೊದಲ ಜೋಡಿ ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರುತ್ತದೆ, ಆಮೇಲೆ ಸುಮಾರು ಒಂದೊಂದು ವರ್ಷಕ್ಕೆ ಇನ್ನೊಂದೊಂದು ಜೋಡಿ. ಪಾಣಿನಿಗೂ ಈ ದಲ್ಲಾಳಿಗಳಿಗೂ ನಡುವೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿದ ದೂರವಿದೆ, ಆದರೂ ಇಬ್ಬರಿಗೂ ಹಲ್ಲೆಂದರೆ ವಯಸ್ಸು.

ಅಥರ್ವವೇದದ ಆರನೆಯ ಕಾಂಡದಲ್ಲಿ, 140ನೆಯ ಸೂಕ್ತದಲ್ಲಿ, ಕೂಸಿಗೆ ಮೂಡಿದ ಮೊದಲ ಎರಡು ಹಲ್ಲುಗಳಿಗೆ ಹೇಳುವ ಮಾತಿದೆ. ಅಲ್ಲಿ ಆ ಹಲ್ಲುಗಳು ಎರಡು ಹುಲಿಗಳು. ಇಳಿದು ಬಂದವೇ ತಂದೆತಾಯಿಯನ್ನು ತಿನ್ನಲು ಹವಣಿಸುವ ಹುಲಿಗಳು. ಮೊಲೆ ಕಚ್ಚಿಸಿಕೊಂಡ ತಾಯಂದಿರು ಇದ್ದ ಮನೆಯಲ್ಲಿ ಹುಟ್ಟಿದ ಮಾತು ಅದು. ಆ ಸೂಕ್ತ ಹುಲಿಗಳನ್ನು ಶಪಿಸುವುದಿಲ್ಲ, ಓಡಿಸುವುದಿಲ್ಲ. ಅಕ್ಕಿ ತಿನ್ನಿ, ಜವೆ ತಿನ್ನಿ, ಉದ್ದು ತಿನ್ನಿ, ಎಳ್ಳು ತಿನ್ನಿ, ನಿಮ್ಮ ಪಾಲು ಅದು ಎಂದು ತಿನ್ನಲು ಬೇರೆ ಏನನ್ನೋ ಮುಂದಿಡುತ್ತದೆ. ಕಿರಿಮಂಜೇಶ್ವರದ ಮುದುಕಿಯ ಮಾತೂ ಅದೇ: ಏನಾದರೂ ಜಗಿಯಲು ಕೊಡು.

ಇಷ್ಟು ಬರೆದಿಟ್ಟು ಬರಹ ಮುಗಿಯಿತೆಂದುಕೊಂಡ ರಾತ್ರಿ ಅಂಕಣಕಾರನಿಗೆ ನಿದ್ದೆ ಹತ್ತಲಿಲ್ಲ. ದ್ವಿದನ್, ಷೋಡನ್ ಎಂದು ಹಲ್ಲಿನ ಮೇಲಿಂದ ವಯಸ್ಸು ಎಣಿಸುತ್ತಿದ್ದವನಿಗೆ ಹುಡುಗಿಯ ಮಾತಿನ ನಡುವಿನ ತುಂಡೊಂದು ಈಗ ಕೇಳಿಸಿತು. ಒಂದೂವರೆ ತಿಂಗಳು, ಎಂದಿದ್ದಳು ಅವಳು.

ನಾಯಿಮರಿ ಬೊಚ್ಚುಬಾಯಲ್ಲಿ ಹುಟ್ಟುತ್ತದೆ. ಮೂರನೆಯ ವಾರದಿಂದ ಹಾಲುಹಲ್ಲು ಚುಚ್ಚಿಕೊಂಡು ಬರತೊಡಗಿ ಎರಡು ತಿಂಗಳ ಹೊತ್ತಿಗೆ ಬಹುಮಟ್ಟಿಗೆ ತುಂಬಿಕೊಳ್ಳುತ್ತವೆ: ಬಾಚಿಹಲ್ಲು 12, ಕೋರೆ 4, ಮುಂದವಡೆ 12, ಒಟ್ಟು 28. ನಾವು ಸಾಮಾನ್ಯವಾಗಿ ಹೇಳುವ ಹಲ್ಲು ಬರುವ ಕಾಟ, ಹಳೆಯದು ಬಿದ್ದು ಹೊಸದು ಬರುವ ನೋವು, ಶುರುವಾಗುವುದು ಮೂರೂವರೆ, ನಾಲ್ಕು ತಿಂಗಳಿಗೆ. ಆರೇಳು ತಿಂಗಳಿಗೆ 42 ಹಲ್ಲು ತುಂಬಿ ಅದು ಮುಗಿಯುತ್ತದೆ. ಒಂದೂವರೆ ತಿಂಗಳ ಕುನ್ನಿಯ ಬಾಯಲ್ಲಿ ಈಗಲೇ ಉದುರಬೇಕಾದ ಹಲ್ಲೇ ಇಲ್ಲ. ಹೊಸದಾಗಿ ಮೂಡಿದ ಮುಳ್ಳುಗಳು ಮಾತ್ರ ಇವೆ, ಅವನ್ನು ಎಷ್ಟು ಒತ್ತಿದರೆ ನೋವಾಗುತ್ತದೆ ಎಂಬ ಅಳತೆ ಅದಕ್ಕಿನ್ನೂ ಗೊತ್ತಿಲ್ಲ. ಅಂಗಡಿಯಲ್ಲಿ ಕೇಳಬೇಕಿದ್ದ ಪ್ರಶ್ನೆ ಒಸಡಿಗೆ ಏನು ಹಚ್ಚುವುದು ಎಂಬುದಾಗಿರಲಿಲ್ಲ. ಆ ವಯಸ್ಸಿನ ಮರಿ ತಾಯಿಯನ್ನು ಬಿಟ್ಟು ಇವಳ ಮನೆಯಲ್ಲಿ ಏನು ಮಾಡುತ್ತಿದೆ?

ಕಚ್ಚುವಿಕೆಯ ಅಳತೆಯನ್ನು ಕುನ್ನಿ ಕಲಿಯುವುದು ಒಡಹುಟ್ಟಿದ ಮರಿಗಳಿಂದ. ಗಟ್ಟಿಯಾಗಿ ಕಚ್ಚಿದರೆ ಎದುರಿನ ಮರಿ ಕುಂಯ್ ಎಂದು ಆಟ ಬಿಟ್ಟು ಹೋಗುತ್ತದೆ. ಮೊಲೆಗೆ ಹಲ್ಲು ನೆಟ್ಟರೆ ತಾಯಿ ಎದ್ದು ನಡೆಯುತ್ತದೆ. ಆಟವೂ ಹೋಯಿತು, ಹಾಲೂ ಹೋಯಿತು. ದಿನಕ್ಕೆ ಹತ್ತಾರು ಸಲ ನಡೆಯುವ ಈ ಪಾಠಕ್ಕೆ ಸಮನಾದದ್ದು ಮನುಷ್ಯರ ಮನೆಯಲ್ಲಿಲ್ಲ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ನಾಯಿಮರಿಗಳನ್ನು ವರ್ಷಗಟ್ಟಲೆ ಗಮನಿಸಿದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮರಿಯ ನಂಟುಗಳು ಬೇರೂರುವ ಕಾಲ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಎಂದು ತೋರಿಸಿದರು. ನಮ್ಮ ದೇಶದ ಕಾನೂನೂ ಇದನ್ನು ಅರಿತಿದೆ. ನಾಯಿ ಸಾಕಣೆ ಮತ್ತು ಮಾರಾಟದ 2017ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆ ನಿಯಮ ಅಂಗಡಿಗೆ, ಮಾರುವವರಿಗೆ. ದೋಣಿಯಡಿಯಿಂದ ಮರಿ ಎತ್ತಿಕೊಂಡು ಬರುವ ಕೈಗೆ ಅದನ್ನು ಹೇಳುವವರಿಲ್ಲ.

ದೋಣಿಯಡಿಯಿಂದಲೇ ತಂದದ್ದು ಎಂದು ಮರುದಿನ ವಿಚಾರಿಸಿದಾಗ ತಿಳಿಯಿತು. ಹುಡುಗಿಯ ತಮ್ಮ ಕೊಡೇರಿಯ ಬಂದರಿನಲ್ಲಿ, ಕವುಚಿ ಹಾಕಿದ್ದ ದೋಣಿಯ ನೆರಳಿನಿಂದ, ನಾಲ್ಕು ಮರಿಗಳಲ್ಲಿ ಒಂದನ್ನು ಎತ್ತಿ ತಂದಿದ್ದ. ತಾಯಿ ಸತ್ತಿದೆ ಎಂದು ಯಾರೋ ಹೇಳಿದ್ದರಂತೆ. ತಾಯಿ ಅಲ್ಲೇ ಇತ್ತು, ಮೀನು ಹರಾಜಿನ ಜಾಗದಲ್ಲಿ ಹೊಟ್ಟೆಪಾಡು ನೋಡಿಕೊಂಡಿತ್ತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು. 'ಹಾಲುಹಲ್ಲು ತಾನೇ, ಏನೂ ಆಗುವುದಿಲ್ಲ' ಎಂದು ಆ ಮನೆಯಲ್ಲಿ ಅಂದರು, ಪಕ್ಕದ ಮನೆಯಲ್ಲೂ ಅಂದರು. ಈ ಮಾತು ಜೀವ ತೆಗೆಯಬಲ್ಲದು. ರೇಬಿಸ್‌ಗೆ ಹಾಲುಹಲ್ಲು, ದೊಡ್ಡ ಹಲ್ಲು ಎಂಬ ಭೇದವಿಲ್ಲ. ಮರಿಗೆ ರೇಬಿಸ್ ಲಸಿಕೆ ಹಾಕುವುದು ಸಾಮಾನ್ಯವಾಗಿ ಮೂರು ತಿಂಗಳಿಗೆ. ಅಂದರೆ ಹಲ್ಲು ಅತಿ ಚೂಪಾಗಿರುವ, ಮಕ್ಕಳು ಅತಿ ಹೆಚ್ಚು ಎತ್ತಿ ಆಡಿಸುವ ತಿಂಗಳುಗಳಲ್ಲಿ ಅದಕ್ಕೆ ಲಸಿಕೆಯ ರಕ್ಷೆ ಇರುವುದಿಲ್ಲ. ತಾಯಿಗೆ ಲಸಿಕೆಯಾಗಿದೆಯೋ ಇಲ್ಲವೋ ತಿಳಿಯದ ಮರಿ ಚರ್ಮ ಗೀರಿದರೆ ಸೋಪು ಹಾಕಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬಾರದು. ಚರ್ಮದೊಳಗೆ ಕೊಡುವ ಚುಚ್ಚುಮದ್ದಾದರೆ ಮೊದಲ ದಿನ, ಆಮೇಲೆ 3, 7, 28ನೆಯ ದಿನ. ಹುಡುಗಿ ಮತ್ತು ಅವಳ ತಮ್ಮ ಇಬ್ಬರೂ ಅದನ್ನು ಪೂರ್ತಿ ಮಾಡಿಸಿಕೊಂಡರು.

ಕುನ್ನಿಗೆ ಮಾಡಿದ್ದು ಇನ್ನೊಂದು. ಎರಡು ವಾರ, ದಿನಾ ಸಂಜೆ ಮನೆಯವರೊಬ್ಬರು ಅದನ್ನು ಬುಟ್ಟಿಯಲ್ಲಿ ಕೊಡೇರಿಗೆ ಒಯ್ದು ತಾಯಿ, ಮರಿಗಳ ನಡುವೆ ಬಿಟ್ಟು ಒಂದು ಗಂಟೆ ಕೂತು ಬರುತ್ತಿದ್ದರು. ಮೊದಲ ದಿನ ಅದು ಒಂದು ಮರಿಯ ಕಿವಿಯನ್ನು ಹಿಡಿದು ಬಿಡಲಿಲ್ಲ. ಉಳಿದ ಮರಿಗಳು ಸೇರಿ ಅದನ್ನು ಮರಳಿನಲ್ಲಿ ಉರುಳಿಸಿದವು. ತಾಯಿ ಒಮ್ಮೆ ಅದರ ಮೂತಿಯನ್ನೇ ಬಾಯೊಳಗೆ ಹಿಡಿದು, ಒತ್ತದೆ, ಸುಮ್ಮನೆ ನಿಂತಿತು. ಐದಾರು ದಿನಕ್ಕೆ ಹುಡುಗಿಯ ಕೈಯ ಗೆರೆಗಳು ಕಡಿಮೆಯಾದವು. ಮನೆಯಲ್ಲೂ ಒಂದು ಕಟ್ಟಳೆ ಮಾಡಿಕೊಂಡರು: ಬೆರಳಾಡಿಸಿ ಆಡಿಸುವುದಿಲ್ಲ, ಕಚ್ಚಿದರೆ ಕೂಗುವುದಿಲ್ಲ, ಹೊಡೆಯುವುದಿಲ್ಲ, ಎದ್ದು ಬೇರೆ ಕಡೆ ಹೋಗುವುದು. ತುಂಬ ಕಚ್ಚುವ ಹೊತ್ತು ನಿದ್ದೆಯ ಹೊತ್ತು ಎಂಬುದನ್ನು ಕಂಡುಕೊಂಡದ್ದು ಅವಳ ತಾಯಿ. ಆ ವಯಸ್ಸಿನ ಮರಿ ದಿನದ ಹದಿನೆಂಟು ಗಂಟೆಗೂ ಹೆಚ್ಚು ಮಲಗಬೇಕು, ಅದನ್ನು ಆಡಿಸುವವರು ಮಲಗಲು ಬಿಟ್ಟಿರಲಿಲ್ಲ.

ನಿಜವಾದ ಹಲ್ಲಿನ ಕಾಲ ಬಂದದ್ದು ಮೇ ತಿಂಗಳ ನಡುವೆ. ಜೊಲ್ಲು ಹೆಚ್ಚಾಯಿತು, ಬಾಯಿಗೆ ಕಬ್ಬಿಣದಂಥ ವಾಸನೆ ಬಂತು, ಗಂಜಿಯ ಬಟ್ಟಲಿನ ಮುಂದೆ ನಿಂತು ಯೋಚಿಸತೊಡಗಿತು. ಮುದುಕಿಯ ಮಾತು ಕೆಲಸಕ್ಕೆ ಬಂದದ್ದು ಈಗ. ಹಳೆಯ ಬೈರಾಸನ್ನು, ಎಂದರೆ ಟವೆಲ್ಲನ್ನು, ಹಗ್ಗದಂತೆ ತಿರುಚಿ, ಎರಡು ಗಂಟು ಹಾಕಿ, ನೀರಲ್ಲಿ ಅದ್ದಿ ಫ್ರಿಜ್ಜಿನ ಐಸಿನ ಖಾನೆಯಲ್ಲಿಟ್ಟು ಕೊಟ್ಟರು. ಸೆಖೆಯ ಮಧ್ಯಾಹ್ನ ಕುನ್ನಿ ಮುಂಗಾಲುಗಳಲ್ಲಿ ಅದನ್ನು ಒತ್ತಿಹಿಡಿದು, ಕಣ್ಣು ಅರೆಮುಚ್ಚಿ, ಪಕ್ಕದ ದವಡೆಯಿಂದ ಜಗಿಯುತ್ತ ಮಲಗುತ್ತಿತ್ತು. ನೂಲು ಬಿಟ್ಟುಕೊಂಡ ಕೂಡಲೇ ಬೈರಾಸು ಬದಲಾಗುತ್ತಿತ್ತು, ನೂಲು ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ. ತಣ್ಣಗೆ ಮಾಡಿದ ಇಡೀ ಕ್ಯಾರೆಟ್ಟೂ ಆದೀತು.

ಕರಾವಳಿಯ ಅಂಗಳದಲ್ಲಿ ಕೊಡಬಾರದ್ದೇ ಹೆಚ್ಚು. ಬೇಯಿಸಿದ ಕೋಳಿ ಮೂಳೆ ಸಿಬಿರಾಗಿ ಒಡೆದು ಗಂಟಲು, ಕರುಳು ಹರಿಯುತ್ತದೆ. ತೆಂಗಿನ ಚಿಪ್ಪು ಹಲ್ಲಿಗಿಂತ ಗಟ್ಟಿ. ಉಗುರಿನಿಂದ ಒತ್ತಿದರೆ ಸ್ವಲ್ಪವೂ ತಗ್ಗದ ವಸ್ತು ಮರಿಯ ಹಲ್ಲು ಮುರಿಯುತ್ತದೆ. ಬಂದರಿನಿಂದ ಬರುವ ನೈಲಾನ್ ಬಲೆಯ ತುಂಡು, ಅದರಲ್ಲಿ ಸಿಕ್ಕಿಕೊಂಡ ಗಾಳ. ಅದಕ್ಕೂ ಮಿಗಿಲಾಗಿ, ಆ ತಿಂಗಳಲ್ಲಿ ಪ್ರತಿ ಜಗಲಿಯಲ್ಲೂ ಒಣಗುತ್ತಿರುವ ಗೇರುಬೀಜ. ಅದರ ಸಿಪ್ಪೆಯ ಎಣ್ಣೆ ಮನುಷ್ಯರ ಕೈಯನ್ನೇ ಸುಡುತ್ತದೆ, ನೋಯುವ ಒಸಡಿನ ಗತಿ ಕೇಳುವುದೇ ಬೇಡ. ಇನ್ನು ನಮ್ಮ ಮಾತ್ರೆಗಳು. ಪ್ಯಾರಸಿಟಮಾಲ್, ಐಬುಪ್ರೊಫೆನ್ ನಾಯಿಮರಿಗೆ ವಿಷವಾಗಬಲ್ಲವು. ಮಕ್ಕಳ ಒಸಡಿನ ಮುಲಾಮುಗಳಲ್ಲಿ ಕೆಲವಕ್ಕೆ ಹಾಕುವ ಬೆಂಜೊಕೇನ್ ರಕ್ತ ಆಮ್ಲಜನಕ ಹೊರುವುದನ್ನೇ ಕೆಡಿಸಬಲ್ಲದು. ಎರಡು ವರ್ಷದೊಳಗಿನ ಮಕ್ಕಳಿಗೂ ಅದು ಬೇಡವೆಂದು ಅಮೆರಿಕದ ಔಷಧ ಇಲಾಖೆ 2018ರಲ್ಲಿ ಎಚ್ಚರಿಸಿತ್ತು. ಟ್ಯೂಬನ್ನು ಮರಳಿ ಒಳಗಿಟ್ಟ ಆ ಅಂಗಡಿಯವರ ಕೈಗೆ ಅಂಕಣಕಾರ ಋಣಿ.

ಮೇ ಕೊನೆಯಲ್ಲಿ ಹುಡುಗಿ ಒಂದು ಕಾಗದದ ಪೊಟ್ಟಣ ತಂದು ಬಿಚ್ಚಿದಳು. ಬೈರಾಸಿನ ಗಂಟಿನಲ್ಲಿ ಸಿಕ್ಕಿದ ಹಲ್ಲು. ಕುಚ್ಚಲಕ್ಕಿಯ ಕಾಳಿನಷ್ಟು, ಹಾಲಿನ ಬಣ್ಣ, ಬುಡದಲ್ಲಿ ಚೂರು ರಕ್ತ. ತಿರುಗಿಸಿ ನೋಡಿದರೆ ಒಳಗೆ ಟೊಳ್ಳು, ಭತ್ತದ ಹೊಟ್ಟಿನ ಹಾಗೆ. ಬೇರು ಮುರಿದದ್ದಲ್ಲ, ಕರಗಿದ್ದು. ಕೆಳಗಿನಿಂದ ಹೊಸ ಹಲ್ಲು ಮೇಲೆ ಬರುವಾಗ ಅದರ ದಾರಿಯಲ್ಲಿರುವ ಜೀವಕೋಶಗಳು ಹಳೆಯ ಹಲ್ಲಿನ ಬೇರನ್ನು ತಿಂದು ಕರಗಿಸುತ್ತ ಬರುತ್ತವೆ. ಕೊನೆಗೆ ಒಸಡಿನ ಮೇಲೆ ಟೋಪಿಯೊಂದು ಉಳಿದು, ಜಗಿದಾಗ ಕಳಚುತ್ತದೆ. ಹೆಚ್ಚಿನವನ್ನು ಕುನ್ನಿ ನುಂಗಿಬಿಡುತ್ತದೆ, ಅದರಿಂದ ತೊಂದರೆಯಿಲ್ಲ. ಇದೊಂದು ಗಂಟಿನಲ್ಲಿ ಉಳಿದಿತ್ತು. ತಮ್ಮ ಅದನ್ನು ಸಗಣಿಯಲ್ಲಿ ಸುತ್ತಿ, ತನ್ನ ಹಲ್ಲು ಬಿದ್ದಾಗ ಅಜ್ಜಿ ಮಾಡಿಸಿದ ಹಾಗೆಯೇ, ಹಂಚಿನ ಮಾಡಿನ ಮೇಲೆ ಎಸೆಯಬೇಕೆಂದ. ಎಸೆದ.

ಈಗ ಆಷಾಢ. ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿದೆ, ಕೊಡೇರಿಯ ದೋಣಿಗಳು ದಡದಲ್ಲಿ ತೆಂಗಿನ ಗರಿ ಹೊದ್ದು ಮಲಗಿವೆ. ಕುನ್ನಿಗೆ ಆರು ತಿಂಗಳು ನಡೆಯುತ್ತಿದೆ. ಬಾಚಿಹಲ್ಲು ಹನ್ನೆರಡೂ ಹೊಸವು, ಅಗಲವಾಗಿ, ಬೆಳ್ಳಗೆ. ಕೋರೆಗಳಲ್ಲಿ ಮೂರು ಬದಲಾಗಿವೆ. ಮೇಲಿನ ಎಡಗಡೆ ಮಾತ್ರ ಹೊಸ ಕೋರೆ ಮುಂದೆ ಇಳಿದಿದ್ದರೂ ಹಳೆಯದು ಅದರ ಬೆನ್ನಿಗೇ ಗಟ್ಟಿಯಾಗಿ ನಿಂತಿದೆ. ಎರಡರ ನಡುವೆ ಅನ್ನದ ಅಗುಳು ಸಿಕ್ಕಿಕೊಳ್ಳುತ್ತದೆ. ತಮ್ಮನಿಗೆ ಅದನ್ನು ನೂಲು ಕಟ್ಟಿ ಎಳೆಯುವ ಆಸೆ. ಕೋರೆಯ ಬೇರು ಒಸಡಿನ ಹೊರಗೆ ಕಾಣುವ ಹಲ್ಲಿಗಿಂತ ಉದ್ದ, ಬಲು ತೆಳು, ಎಳೆದರೆ ಒಳಗೆ ಮುರಿದು ಕೂರುತ್ತದೆ ಎಂದು ಅಕ್ಕ ತಡೆದಿದ್ದಾಳೆ. ಬರುವ ಸೋಮವಾರದವರೆಗೆ ಕಾದು ನೋಡುವುದು, ಆಗಲೂ ಅಲ್ಲಾಡದಿದ್ದರೆ ಬೈಂದೂರಿಗೆ ಪಶುವೈದ್ಯರ ಬಳಿ ಒಯ್ಯುವುದು ಎಂದು ನಿಂತಿದೆ. ಬುಟ್ಟಿಯಲ್ಲಿ ಅದು ಈಗ ಹಿಡಿಸುವುದಿಲ್ಲ, ರಿಕ್ಷಾ ಮಾಡಬೇಕು.